ಖಾಲಿ ಜೋಲಿ

1941ನೇ ಇಸವಿ. ಯಲಬುರ್ಗಿ ತಾಲೂಕಿನ ಕುಕನೂರಿನಲ್ಲಿ ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಯೊಂದಕ್ಕೆ ನಾನು ಹೆಡ್‌ಮಿಸ್ಟ್ರೆಸ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು. ನಾಲ್ಕೂ ತರಗತಿಗಳಿಗೆ ಪಾಠ ಮಾಡುವವಳು, ಗಂಟೆ ಬಾರಿಸುವವಳು, ಸಂಜೆ ಕಸ ಹೊಡೆದು ಬೀಗ ಹಾಕುವವಳು ಎಲ್ಲ ನಾನೇ. ಗದಗದ ಕಡೆಯವಳಾದ ನಾನು ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿದ್ದೆ. ಗಂಡ ಭಾನಾಪುರ ರೈಲು ಸ್ಟೇಷನ್ನಿನಲ್ಲಿ ಗುಮಾಸ್ತ. ವಾರಕ್ಕೊಮ್ಮೆ ಬಂದು, ಉಂಡು, ಮಲಗಿ, ಹೋಗುತ್ತಿದ್ದರು. ಉಳಿದ ದಿನ ನಾನು, ಶಾಲೆ, ಮತ್ತು ಸಂಜೆಗೆ ಒಡೆದುಹೋಗಿರುತ್ತಿದ್ದ ನನ್ನ ಗಂಟಲು.

ನಿಜಾಮರ ರಾಜ್ಯ. ವಾರದ ರಜೆ ಶುಕ್ರವಾರ. ಪಾಠ ಕನ್ನಡದಲ್ಲಿ ನಡೆದರೂ ಉರ್ದು ಕಡ್ಡಾಯ, ಕಾಗದಪತ್ರವೆಲ್ಲ ಉರ್ದುವಿನಲ್ಲೇ. ಶಾಲೆಗೆಂದು ಬಾಡಿಗೆಗೆ ಹಿಡಿದಿದ್ದ ಹಳೆಯ ಮನೆಯಲ್ಲಿ ಉದ್ದನೆಯ ಒಂದು ಪಡಸಾಲೆ, ಮೇಲೆ ಆನೆ ಕಟ್ಟಿದರೂ ಅಲುಗದಂಥ ತೇಗದ ತೊಲೆಗಳು. ಆ ತೊಲೆಗಳಿಂದಲೇ ಈ ಕಥೆ ಹುಟ್ಟಿತು.

ವ್ಯಾಪಾರಸ್ಥರ ಮನೆಯ ಹುಡುಗಿಯರು ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದುಕೊಂಡು, ಪಾಟಿಚೀಲ ಹಿಡಿದು ಬರುತ್ತಿದ್ದರು. ಹೊಲದ ಕೂಲಿಗೆ ಹೋಗುವವರ ಮನೆಯ ಹುಡುಗಿಯರು ಬರುತ್ತಿದ್ದದ್ದು ಒಂದು ಕೈಯಲ್ಲಿ ಪಾಟಿ, ಇನ್ನೊಂದು ಕಂಕುಳಲ್ಲಿ ಕೂಸು ಹಿಡಿದು. ಮುಂಗಾರು ಹಿಡಿದು ಶೇಂಗಾ, ಜೋಳ, ಹತ್ತಿಯ ಹೊಲಗಳಲ್ಲಿ ಕಳೆ ತೆಗೆಯುವ ಕೆಲಸ ಶುರುವಾದರೆ ತಾಯಂದಿರು ಕತ್ತಲಿರುವಾಗಲೇ ಮನೆ ಬಿಡುತ್ತಿದ್ದರು. ಕೂಸನ್ನು ನೋಡಿಕೊಳ್ಳುವುದು ಅಕ್ಕನ ಕೆಲಸ. ಅಕ್ಕನಿಗೆ ಎಂಟೋ ಹತ್ತೋ ವರ್ಷ. ಕೂಸು ಬೇಡ ಎಂದರೆ ಅಕ್ಕನೂ ಬರುವುದಿಲ್ಲ, ಇಷ್ಟೇ ಲೆಕ್ಕ. ನಾನು ಕೂಸು ಬೇಡ ಎನ್ನಲಿಲ್ಲ.

ಆದರೆ ಒಂದು ಕೂಸು ಅತ್ತರೆ ಉಳಿದವಕ್ಕೂ ನೆನಪಾಗುತ್ತಿತ್ತು. ಮಗ್ಗಿ ಹೇಳುವ ದನಿಯಾವುದು, ಅಳುವ ದನಿಯಾವುದು ತಿಳಿಯದೆ ನನಗೆ ಸಾಕಾಗಿಹೋಗಿತ್ತು. ಉಪಾಯ ಹೇಳಿದವರು ಹುಡುಗಿಯರೇ. ತಾಯಂದಿರ ಹಳೆಯ ಸೀರೆ ತಂದು ತೊಲೆಗೆ ಜೋಲಿ ಕಟ್ಟಿದರು. ಅಂದರೆ ಬಟ್ಟೆಯ ತೊಟ್ಟಿಲು. ಜೋಲಿಗೆ ಒಂದು ಹಗ್ಗ, ಹಗ್ಗದ ತುದಿಗೆ ಕುಣಿಕೆ, ಕುಣಿಕೆ ಅಕ್ಕನ ಕಾಲ ಹೆಬ್ಬೆರಳಿಗೆ. ಕೈ ಪಾಟಿಯ ಮೇಲೆ ಬರೆಯುತ್ತಿದ್ದರೆ ಕಾಲು ತಾನಾಗಿ ತೂಗುತ್ತಿತ್ತು. ಧಾರವಾಡದ ಟ್ರೇನಿಂಗಿನಲ್ಲಿ ಇಂಥದ್ದನ್ನು ಕಲಿಸಿರಲಿಲ್ಲ. ಮೊದಲ ದಿನ ಕೂಸುಗಳೆಲ್ಲ ನಿದ್ದೆ ಹೋಗಿ ಪಡಸಾಲೆ ನಿಶ್ಶಬ್ದವಾದಾಗ ನನಗೇ ಕಣ್ಣು ಎಳೆಯುವಂತಾಯಿತು.

ಕಾಶವ್ವ ಅವರಲ್ಲೊಬ್ಬಳು. ಹನ್ನೊಂದರ ಹುಡುಗಿ, ನಾಲ್ಕನೇ ತರಗತಿ. ತಾಯಿ ನಿಂಗವ್ವ ಕೂಲಿಯವಳು, ತಂದೆ ದನ ಕಾಯಲು ಹೋದರೆ ತಿಂಗಳಾನುಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಮನೆಯಲ್ಲಿ ಕಣ್ಣು ಮಂಜಾದ ಅಜ್ಜಿ ದೊಡ್ಡವ್ವ, ಮತ್ತು ಆರು ತಿಂಗಳ ತಮ್ಮ ಬಸ್ಯಾ. ಬಾಯಿಲೆಕ್ಕದಲ್ಲಿ ಕಾಶವ್ವನನ್ನು ಮೀರಿಸುವವರು ಇಡೀ ಶಾಲೆಯಲ್ಲಿ ಇರಲಿಲ್ಲ. ನಾಲ್ಕನೇ ತರಗತಿ ಪಾಸಾದರೆ ಅವಳನ್ನು ಶಾಲೆಯಲ್ಲೇ ಸಹಾಯಕಿಯಾಗಿ ಇಟ್ಟುಕೊಂಡು ಮುಂದೆ ಓದಿಸಬೇಕು ಎಂದು ನನ್ನ ಮನಸ್ಸಿನಲ್ಲಿತ್ತು. ಒಮ್ಮೆ ಶಾಲೆ ಬಿಟ್ಟು ಹೊಲದ ಕೂಲಿಗೆ ನಿಂತ ಹುಡುಗಿ ಮರಳಿ ಬಂದದ್ದನ್ನು ನಾನು ಕಂಡಿರಲಿಲ್ಲ. ಕೂಲಿಯ ನಂತರ ಮದುವೆ, ಅಲ್ಲಿಗೆ ಮುಗಿಯಿತು. ಸುಳ್ಳೊಂದನ್ನು ಬಿಟ್ಟರೆ ಯಾವ ತಪ್ಪಿಗೂ ನಾನು ಹುಡುಗಿಯರನ್ನು ಶಿಕ್ಷಿಸುತ್ತಿರಲಿಲ್ಲ. ಸುಳ್ಳಿಗೆ ಮಾತ್ರ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಕಾಶವ್ವ ಒಮ್ಮೆಯೂ ಗೋಡೆ ನೋಡಿರಲಿಲ್ಲ.

ಶಾಲೆಗಳ ಇನ್ಸ್‌ಪೆಕ್ಟರ್ ಸಾಹೇಬರು ಕೊಪ್ಪಳದಿಂದ ವರ್ಷಕ್ಕೊಮ್ಮೆ ತನಿಖೆಗೆ ಬರುತ್ತಿದ್ದರು. ಹಿಂದಿನ ವರ್ಷ ಬಂದಾಗ ಕಂಕುಳಿನ ಕೂಸುಗಳನ್ನು ನೋಡಿ, "ಇದು ಮದರಸಾನೋ, ಹೆರಿಗಿ ಆಸ್ಪತ್ರೀನೋ?" ಎಂದು ಕೇಳಿ, ಮುಂದಿನ ಸಲ ಒಂದು ಕೂಸೂ ಕಾಣಬಾರದು ಎಂದು ಹೇಳಿ ಹೋಗಿದ್ದರು. ಅದಕ್ಕೇ ಈ ವರ್ಷದ ತನಿಖೆಯ ದಿನ ಕೂಸುಗಳನ್ನೆಲ್ಲ ಕಾಶವ್ವನ ಮನೆಯಲ್ಲಿ ದೊಡ್ಡವ್ವ ಮತ್ತು ಇನ್ನೊಬ್ಬ ಮುದುಕಿಯ ಕೈಗೆ ಒಪ್ಪಿಸುವ ವ್ಯವಸ್ಥೆ ಮಾಡಿದೆ. ಜೋಲಿಗಳನ್ನೂ ಬಿಚ್ಚಬೇಕೆಂದಿದ್ದೆವು. ಆದರೆ ಮಧ್ಯಾಹ್ನ ಬರಬೇಕಾದ ಸಾಹೇಬರು ಬೆಳಗಿನ ಗಾಡಿಗೇ ಭಾನಾಪುರದಲ್ಲಿ ಇಳಿದು, ಟಾಂಗಾ ಹಿಡಿದು, ಪ್ರಾರ್ಥನೆ ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದರು. ಜೋಲಿಗಳು ತೊಲೆಯಲ್ಲೇ ಉಳಿದವು.

ಸಾಹೇಬರು ರಾಯಚೂರು ಕಡೆಯವರು. ಕನ್ನಡ ಚೆನ್ನಾಗಿ ಬಲ್ಲವರು. ಜೋಲಿಗಳನ್ನು ಒಮ್ಮೆ ಕಣ್ಣೆತ್ತಿ ನೋಡಿ ಕುರ್ಚಿಯಲ್ಲಿ ಕುಳಿತರು. ಹುಡುಗಿಯರು ತಮ್ಮ ತಮ್ಮ ಜಾಗದಲ್ಲಿ ಕುಳಿತರು. ದಿನಾ ಕೂರುವ ಜಾಗ, ದಿನಾ ಕಾಲಿಗೆ ಸಿಗುವ ಹಗ್ಗ. ಓದಿಸಿದರು, ಉಕ್ತಲೇಖನ ಕೊಟ್ಟರು. ಕಡೆಗೆ ನಾಲ್ಕನೇ ತರಗತಿಯ ಕಡೆ ತಿರುಗಿ ಕಾಶವ್ವನನ್ನು ಕೇಳಿದರು: "ಒಂದು ಚೀಲಕ್ಕ ಮೂವತ್ತೆರಡು ಸೇರು ಜ್ವಾಳ ಹಿಡಿದ್ರ, ಏಳೂವರಿ ಚೀಲಕ್ಕ ಎಷ್ಟು?"

ಕಾಶವ್ವ ತೊಲೆ ನೋಡುತ್ತ ತುಟಿ ಅಲುಗಿಸಿದಳು. "ಎರಡು ನೂರಾ ನಲವತ್ತು ಸೇರ್ರಿ."

"ಶಾಬಾಶ್," ಎಂದರು ಸಾಹೇಬರು. ನನಗೆ ಹಿಗ್ಗು. ಅಷ್ಟರಲ್ಲಿ ಎರಡನೇ ತರಗತಿಯ ಒಂದು ಪುಟ್ಟ ಹುಡುಗಿ ಚಿಟ್ಟನೆ ಚೀರಿದಳು: "ಏ ಕಾಶವ್ವಾ, ಖಾಲಿ ಜೋಲಿ ತೂಗಾಕತ್ತೀಯಲ್ಲೇ!"

ಎಲ್ಲರ ಕಣ್ಣು ಮೇಲೆ ಹೋಯಿತು. ಕಾಶವ್ವನ ಹೆಬ್ಬೆರಳಲ್ಲಿ ಕುಣಿಕೆ ಇತ್ತು. ಲೆಕ್ಕದ ಗುಂಗಿನಲ್ಲಿ ಕಾಲು ತನ್ನ ದಿನದ ಕೆಲಸ ಮಾಡಿತ್ತು. ಬಸ್ಯಾ ಇಲ್ಲದ ಬಸ್ಯಾನ ಜೋಲಿ ಅತ್ತಿಂದಿತ್ತ ತೂಗುತ್ತಿತ್ತು.

ಖಾಲಿ ತೊಟ್ಟಿಲನ್ನು ತೂಗಿದರೆ ಅದರ ಕೂಸಿಗೆ ಕೇಡು ಎಂಬ ನಂಬಿಕೆಯನ್ನು ನಮ್ಮ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಕ್ಷಣದಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಬೇರೆ. ಎಲ್ಲರಿಗಿಂತ ಮೊದಲು ಕುರ್ಚಿಯಿಂದ ಎದ್ದು, ಎರಡೂ ಕೈಯಿಂದ ಜೋಲಿಯನ್ನು ಹಿಡಿದು ನಿಲ್ಲಿಸಿದವರು ಇನ್ಸ್‌ಪೆಕ್ಟರ್ ಸಾಹೇಬರು. ಕಾಶವ್ವ ಕುಣಿಕೆ ಕಿತ್ತೆಸೆದು ಹೊರಗೆ ಓಡಿದಳು. ಅವಳ ಹಿಂದೆ ಕೂಸುಗಳ ಅಕ್ಕಂದಿರೆಲ್ಲ ಓಡಿದರು. ಅವರ ಹಿಂದೆ, ಏನಾಯಿತೆಂದು ನೋಡಲು, ಉಳಿದವರೂ ಓಡಿದರು. ತನಿಖೆಯ ಶಾಲೆಯಲ್ಲಿ ಉಳಿದವರು ನಾನು ಮತ್ತು ಜೋಲಿ ಹಿಡಿದು ನಿಂತ ಸಾಹೇಬರು.

ನಾಚಿಕೆಯಿಂದ ಅವರು ಕೈಬಿಟ್ಟರು. "ನಮ್ಮ ಮನ್ಯಾಗೂ ಹಿಂಗ ಅಂತಾರ್ರಿ," ಎಂದರು. ಹೊರಡುವಾಗ, "ಕೂಸುಗೋಳು ಜೋಲಿಯಾಗ ಇರೋದ ಛಲೋ ನೋಡ್ರಿ ಬಾಯಾರ. ಇಲ್ಲೇ ಇರ್ಲಿ ಬಿಡ್ರಿ" ಎಂದು ಟಾಂಗಾ ಹತ್ತಿದರು. ದೊಡ್ಡವ್ವನ ಮನೆಯಲ್ಲಿ ಕೂಸುಗಳೆಲ್ಲ ಹಾಯಾಗಿ ಮಲಗಿದ್ದವು. ಕೂಸುಗಳಿಗೆ ಪರವಾನಗಿ ಸಿಕ್ಕಿತಲ್ಲ ಎಂದು ಆ ಸಂಜೆ ನಾನು ಬಹಳ ದಿನಗಳ ಮೇಲೆ ಖುಷಿಯಿಂದ ಉಂಡೆ.

ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಅದೇ ವಾರ ಬಸ್ಯಾನಿಗೆ ವಾಂತಿ ಭೇದಿ ಹಿಡಿಯಿತು. ಮಳೆಗಾಲದ ಹೊಸ ನೀರು, ಊರೊಳಗೆ ಅದು ಹೊಸ ಸಂಗತಿಯಲ್ಲ. ನಾನು ಹೋಗುವಷ್ಟರಲ್ಲಿ ಕೂಸಿನ ಕಣ್ಣು ಗುಳಿಬಿದ್ದು ನೆತ್ತಿ ಕುಸಿದಿತ್ತು. ದವಾಖಾನೆಯ ಕಂಪೌಂಡರನ್ನು ಕರೆಸಿದೆ. ಔಷಧಿ ಕೊಟ್ಟು, ನೀರು ಕಾಯಿಸಿ ಆರಿಸಿ, ಉಪ್ಪು ಹಾಕಿದ ತಿಳಿಗಂಜಿಯ ಜೊತೆ ಗುಟುಕು ಗುಟುಕಾಗಿ ಕುಡಿಸಲು ಹೇಳಿದ. ನಿಂಗವ್ವ ಕೂಲಿ ಬಿಟ್ಟು ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಕಾಶವ್ವ ಮೂಲೆಯಲ್ಲಿ, ಮೊಳಕಾಲಿಗೆ ಮುಖ ಕೊಟ್ಟು ಕುಳಿತಿದ್ದಳು. ಹುಟ್ಟಿದಾಗಿನಿಂದ ಹೊತ್ತು ತಿರುಗಿದ ತಮ್ಮನನ್ನು ಅವಳು ಮುಟ್ಟುತ್ತಿರಲಿಲ್ಲ.

"ನಾ ಏನೂ ಅಂದಿಲ್ರಿ ಅಕ್ಕೋರ," ಎಂದಳು ನಿಂಗವ್ವ. "ಜೋಲಿ ತೂಗಿದ್ದಕ್ಕ ಹಿಂಗಾತು ಅಂತ ನಮ್ಮತ್ತಿ ಒಂದ ಮಾತು ಅಂದಾಳ. ಅವತ್ತಿನಿಂದ ಇಕಿ ಕೂಸಿನ ಹತ್ರಾನ ಬರವಲ್ಲಳು."

ನಾನು ಕಾಶವ್ವನ ಪಕ್ಕ ಕುಳಿತು ಎಲ್ಲ ಹೇಳಿದೆ. ನೀರಿನಲ್ಲಿ ಕಣ್ಣಿಗೆ ಕಾಣದ ಕ್ರಿಮಿ ಇರುತ್ತವೆ, ನೊಣ ಕೂತ ಅನ್ನದಿಂದ ಭೇದಿ ಬರುತ್ತದೆ, ಓಣಿಯಲ್ಲಿ ಇನ್ನೂ ನಾಲ್ಕು ಕೂಸುಗಳಿಗೆ ಆಗಿದೆ, ಅವುಗಳ ಜೋಲಿಯನ್ನು ಯಾರೂ ತೂಗಿಲ್ಲ. ಎಲ್ಲ ಕೇಳಿ ಅವಳು ಒಂದೇ ಮಾತು ಹೇಳಿದಳು: "ನಾ ತೂಗೀನ್ರಿ."

ಬಸ್ಯಾ ಉಳಿದ. ಎರಡು ವಾರದಲ್ಲಿ ಗಂಜಿಯಿಂದ ಅನ್ನಕ್ಕೆ ಬಂದ, ಮತ್ತೆ ನಗತೊಡಗಿದ. ಇನ್ನು ಕಾಶವ್ವ ಬಂದಾಳು ಎಂದು ಕಾದೆ. ಬರಲಿಲ್ಲ. ಕೂಸನ್ನು ನೋಡಿಕೊಳ್ಳಲು ಮಗಳು ಒಲ್ಲೆ ಎಂದ ಮೇಲೆ ನಿಂಗವ್ವ ಕೂಸನ್ನು ಹೊಲಕ್ಕೇ ಒಯ್ಯತೊಡಗಿದಳು. ಬದುವಿನ ಬೇವಿನ ಗಿಡಕ್ಕೆ ಜೋಲಿ ಕಟ್ಟಿ ತಾನೇ ನಡುನಡುವೆ ಬಂದು ತೂಗುತ್ತಿದ್ದಳು. ಮನೆಯಲ್ಲಿ ಸುಮ್ಮನೆ ಕೂರುವ ಮಗಳು ಯಾಕೆ ಎಂದು ಕಾಶವ್ವನ ಕೈಗೂ ಕಳೆ ತೆಗೆಯುವ ಕುರ್ಪಿ ಕೊಟ್ಟು ಹೊಲಕ್ಕೆ ಇಳಿಸಿದಳು. ದಾರಿಯಲ್ಲಿ ಸಿಕ್ಕಾಗ ಹುಡುಗಿಯ ಅಂಗೈ ನೋಡಿದೆ. ಬೊಬ್ಬೆ ಎದ್ದು ಒಡೆದು ಗಟ್ಟಿಯಾಗತೊಡಗಿತ್ತು.

"ಬಸ್ಯಾ ಆರಾಮ ಅದಾನಲ್ಲ, ಸಾಲಿಗೆ ಯಾಕ ಬರವಲ್ಲಿ?" ಎಂದೆ.

"ಈ ಸಲ ಉಳದಾನ್ರಿ. ಮತ್ತ ತೂಗಿದ್ರ?" ಎಂದಳು. "ಲೆಕ್ಕ ಮಾಡಾಕ ಹತ್ತಿದ್ರ ನನ್ನ ಕಾಲು ನನ್ನ ಮಾತು ಕೇಳಂಗಿಲ್ರಿ ಅಕ್ಕೋರ."

ಜೋಲಿ ಬೇಡ, ಕೂಸನ್ನು ನಾನೇ ಎತ್ತಿಕೊಳ್ಳುತ್ತೇನೆ ಎಂದೆ. ತಲೆ ಅಲ್ಲಾಡಿಸಿದಳು. ಮತ್ತೆ ಮತ್ತೆ ಹೋದೆ. ಸಂಜೆ ಹೊಲದಿಂದ ಬರುವ ದಾರಿಯಲ್ಲಿ ಕಾದು ನಿಂತೆ. ಕ್ರಿಮಿಯ ಚಿತ್ರ ಬರೆದು ತೋರಿಸಿದೆ. ಹುಡುಗಿ ಮರ್ಯಾದೆಯಿಂದ ಕೇಳಿಸಿಕೊಂಡು ತಾಯಿಯ ಹಿಂದೆ ಹೋಗುತ್ತಿದ್ದಳು. ದಣಿವೆಂದರೆ ಏನೆಂದು ನನಗೆ ಆ ತಿಂಗಳು ಗೊತ್ತಾಯಿತು. ಮೈಯ ದಣಿವು ನಿದ್ದೆಯಿಂದ ಹೋಗುತ್ತದೆ. ಸರಿಯಾದ ಮಾತನ್ನು ಹೇಳಿ ಹೇಳಿ ಬರುವ ದಣಿವು ಹೋಗುವುದಿಲ್ಲ.

ಇಲ್ಲಿ ನನ್ನದೊಂದು ಸಂಗತಿ ಹೇಳಬೇಕು. ಕೆಲಸಕ್ಕೆ ಸೇರುವ ಮೊದಲು ನನಗೊಂದು ಗಂಡು ಕೂಸು ಇತ್ತು. ಏಳು ತಿಂಗಳಿಗೆ ಜ್ವರ ಬಂದು ತೀರಿಹೋಯಿತು. ಅದಕ್ಕೆ ಕೆಲವು ದಿನ ಮೊದಲು, ಒಂದು ಮಧ್ಯಾಹ್ನ, ಕಾಲಿಗೆ ಹಗ್ಗ ಕಟ್ಟಿಕೊಂಡು ತೂಗುತ್ತ ನಾನು ತೂಕಡಿಸಿದ್ದೆ. ಅತ್ತೆ ನೀರೆರೆಯಲೆಂದು ಕೂಸನ್ನು ಎತ್ತಿಕೊಂಡು ಹೋದದ್ದು ನನಗೆ ತಿಳಿಯಲಿಲ್ಲ, ಕಾಲು ತೂಗುತ್ತಲೇ ಇತ್ತು. ಕೂಸು ಹೋದ ಮೇಲೆ ಆ ಮನೆಯಲ್ಲಿ ಆ ಮಾತನ್ನು ಎಷ್ಟು ಸಲ ಕೇಳಿದೆನೋ. ಅದನ್ನು ಕೇಳದಷ್ಟು ದೂರ ಹೋಗಬೇಕೆಂದೇ ಟ್ರೇನಿಂಗಿಗೆ ಸೇರಿದೆ, ಕುಕನೂರಿಗೆ ಬಂದೆ. ಈ ಜನ್ಮದಲ್ಲಿ ಆ ನಂಬಿಕೆಗೆ ತಲೆಬಾಗಿಸಬಾರದು ಎಂದು ಹಟ ಹಿಡಿದವಳು ನಾನು. ಕಾಶವ್ವನಿಗೆ ಕ್ರಿಮಿಯ ಪಾಠ ಹೇಳುವಾಗ ಅರ್ಧ ನನಗೇ ಹೇಳಿಕೊಳ್ಳುತ್ತಿದ್ದೆ.

ಆದರೆ ಹುಡುಗಿಯ ಅಂಗೈ ಗಟ್ಟಿಯಾಗುತ್ತಿತ್ತು. ನನ್ನ ಹಟ ಗೆಲ್ಲುವಷ್ಟರಲ್ಲಿ ಅವಳ ಮದುವೆಯಾಗಿ ಹೋಗುತ್ತಿತ್ತು.

ನನ್ನ ಟ್ರಂಕಿನ ತಳದಲ್ಲಿ ಒಂದು ಗುಂಡುಕಲ್ಲಿತ್ತು. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕಿ ತೂಗುವ ಕಲ್ಲು. ತೊಟ್ಟಿಲು ಖಾಲಿ ತೂಗಬಾರದೆಂದು ಕಲ್ಲಿಗೆ ಅರಿಸಿನ ಹಚ್ಚಿ, ಕೂಸಿನ ತಲೆಯುಡುಗೆ ಕುಂಚಿಗೆ ತೊಡಿಸಿ, ಕೂಸೆಂದೇ ಮಲಗಿಸುತ್ತಾರೆ. ನನ್ನ ಕೂಸಿನ ಜೊತೆ ತವರಿನಿಂದ ಬಂದ ಆ ಕಲ್ಲನ್ನು ಎಸೆಯಲು ಮನಸ್ಸಾಗದೆ ಇಟ್ಟುಕೊಂಡಿದ್ದೆ. ಒಂದು ಸೋಮವಾರ ಶಾಲೆ ಬಿಟ್ಟ ಮೇಲೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಕಾಶವ್ವನ ಮನೆಗೆ ಹೋದೆ. ಸೋಮವಾರ ಎತ್ತು ಹೂಡದ ದಿನ, ಕೂಲಿಯೂ ಇಲ್ಲ, ಎಲ್ಲರೂ ಮನೆಯಲ್ಲಿದ್ದರು.

ಕಲ್ಲನ್ನು ನಡುಮನೆಯಲ್ಲಿಟ್ಟು ಹೇಳಿದೆ: "ಅವತ್ತು ಸಾಹೇಬ್ರು ಬಂದಾಗ ಬಸ್ಯಾನ ಜೋಲಿ ಖಾಲಿ ಇರ್ಲಿಲ್ಲ. ಅದರಾಗ ಈ ಗುಂಡು ಇತ್ತು. ನಾನ ಇಟ್ಟಿದ್ದೆ, ನಿಮಗೆ ಹೇಳೋದು ಮರ್ತಿದ್ದೆ."

ದೊಡ್ಡವ್ವ ಕೈಚಾಚಿ ಕಲ್ಲನ್ನು ಎತ್ತಿಕೊಂಡಳು. ಮಂಜುಗಣ್ಣಿನವಳು ಬೆರಳಿನಿಂದ ತಡವಿ, ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದಳು. "ತೊಟ್ಟಿಲ ಕಂಡ ಗುಂಡು ಐತಿ. ಯಾರ ಮನೀದವ್ವ?"

"ನಂದ," ಎಂದೆ.

ನನಗೆ ಮಕ್ಕಳಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು. ಮುದುಕಿ ಕಲ್ಲನ್ನು ಉಡಿಯಲ್ಲಿಟ್ಟುಕೊಂಡು ಸೆರಗು ಮುಚ್ಚಿದಳು. ಆಮೇಲೆ ಮೊಮ್ಮಗಳ ಕಡೆ ಮುಖ ತಿರುಗಿಸಿ, "ಗುಂಡು ಇತ್ತಂತಲ್ಲವಾ. ಮತ್ತೇನು? ಎತ್ಕೊ ನಿನ್ನ ತಮ್ಮನ್ನ" ಎಂದಳು. ಕಾಶವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಬಸ್ಯಾ ಅಂಬೆಗಾಲಿಟ್ಟು ಬಂದು ಅವಳ ಪರಕಾರದ ನೆರಿಗೆ ಹಿಡಿದು ಎಳೆದ. ಅವಳು ಬಗ್ಗಿ ಅವನನ್ನು ಎತ್ತಿಕೊಂಡು, ಅವನ ಹೊಟ್ಟೆಗೆ ಮುಖ ಒತ್ತಿ ಅತ್ತಳು. ನಾನೂ ಅತ್ತೆ. ಮನೆಗೆ ಬಂದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು, ಸೋತೆನೆಂದು. ಮಂಗಳವಾರ ಬೆಳಿಗ್ಗೆ ಅವಳು ಕೂಸಿನ ಸಮೇತ ಶಾಲೆಯ ಬಾಗಿಲಲ್ಲಿದ್ದಳು. ಸಿಟ್ಟು ಇಳಿಯಿತು.

ಅಂದಿನಿಂದ ಗುಂಡುಕಲ್ಲು ಶಾಲೆಯಲ್ಲೇ ಉಳಿಯಿತು. ಯಾವ ಕೂಸು ಬಾರದಿದ್ದರೆ ಅದರ ಜೋಲಿಯಲ್ಲಿ ಕಲ್ಲು ಮಲಗುತ್ತಿತ್ತು. ಹುಡುಗಿಯರು ಅದಕ್ಕೊಂದು ಕುಂಚಿಗೆ ಹೊಲಿದರು, ಹಾಜರಿ ಕೂಗುವಾಗ ಅದರ ಪರವಾಗಿ "ಹಾಜರ್" ಎಂದರು. ಮರುವರ್ಷ ಬಂದ ಸಾಹೇಬರು ಇಣುಕಿ ನೋಡಿ, "ಇವಂದು ಯಾವ ಕ್ಲಾಸು?" ಎಂದರು. "ಇನ್ನ ಹೆಸರು ಹಚ್ಚಿಲ್ರಿ," ಎಂದು ಹುಡುಗಿಯರು ಬಿದ್ದು ಬಿದ್ದು ನಕ್ಕರು. ಸಾಹೇಬರೂ ನಕ್ಕು ಮುಂದೆ ಹೋದರು. ಆ ಸಲ ಕಾಶವ್ವ ನಾಲ್ಕನೇ ತರಗತಿ ಪಾಸಾದಳು. ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸುವ ಸಹಾಯಕಿಯಾದಳು, ಮನೆಯಲ್ಲಿ ಮದುವೆಯ ಮಾತು ಎದ್ದಾಗಲೆಲ್ಲ ದೊಡ್ಡವ್ವನೇ ಅಡ್ಡ ಬಂದಳು.

1946ರಲ್ಲಿ ನನಗೆ ಕೊಪ್ಪಳಕ್ಕೆ ವರ್ಗವಾಯಿತು. ಅಷ್ಟರಲ್ಲಿ ಕಾಶವ್ವ ನನ್ನಷ್ಟು ಎತ್ತರ ಬೆಳೆದಿದ್ದಳು, ಟ್ರೇನಿಂಗಿಗೆ ಅರ್ಜಿ ಹಾಕಿಸಿದ್ದೆ. ಸಾಮಾನು ಹೇರಿದ ಬಂಡಿ ಶಾಲೆಯ ಬಾಗಿಲಲ್ಲಿ ನಿಂತಿತ್ತು. ಅವಳು ಗುಂಡುಕಲ್ಲನ್ನು ತೊಳೆದು ಒರೆಸಿ ತಂದಳು.

"ಸಾಲ್ಯಾಗ ಇರ್ಲಿ ಬಿಡವಾ," ಎಂದೆ.

ಅವಳು ಕಲ್ಲನ್ನು ಎದೆಗೆ ಹಿಡಿದುಕೊಂಡು ನಿಂತಳು. "ಅಕ್ಕೋರ, ಅವತ್ತು ಜೋಲಿ ಖಾಲಿನ ಇತ್ರಿ. ಮುಂಜಾನೆ ಅದರಾಗಿನ ಕೌದಿ ತಗದು ಝಾಡಿಸಿದಾಕಿ ನಾನ ಅಲ್ಲೇನ್ರಿ?"

ಐದು ವರ್ಷ ನಾನು ಅದನ್ನು ಯೋಚಿಸಿಯೇ ಇರಲಿಲ್ಲ. "ಮತ್ತ ಸಾಲಿಗೆ ಯಾಕ ಬಂದಿ?" ಎಂದೆ.

"ಸುಳ್ಳು ಹೇಳಿದ್ರ ಗ್ವಾಡಿಗೆ ನಿಂದ್ರಸೋ ಅಕ್ಕೋರು, ನನ್ನ ಸಂಬಂಧ ನಮ್ಮ ಮನಿತನಕ ಬಂದು ಸುಳ್ಳು ಹೇಳಿದ್ರು," ಎಂದಳು. "ಬರದ ಹೆಂಗ ಇರ್ಲಿ?"

ಆಮೇಲೆ ನಾನು ಗಂಗಾವತಿಯಲ್ಲಿ, ಕುಷ್ಟಗಿಯಲ್ಲಿ, ಇನ್ನೂ ಹಲವು ಊರುಗಳಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ಹೆದರಿದ ಮಕ್ಕಳು ಎಲ್ಲ ಊರಲ್ಲೂ ಸಿಕ್ಕರು. ಅವರಿಗೆ ಕಾರಣ ವಿವರಿಸುವುದನ್ನು ನಾನು ಬಿಡಲಿಲ್ಲ, ಅದು ನನ್ನ ಕೆಲಸ. ಆದರೆ ವಿವರಿಸುವ ಮೊದಲು ಅವರ ಮನೆಗೆ ಹೋಗಿ, ಅವರ ಪಕ್ಕ ನೆಲದ ಮೇಲೆ ಕುಳಿತು, ನನಗೂ ಹೆದರಿಕೆಯಾಗಿತ್ತು ಎಂದು ಹೇಳುವುದನ್ನು ಕಲಿತೆ. ಕುಕನೂರು ಬಿಟ್ಟ ದಿನ ಬಂಡಿ ಓಣಿಯ ತಿರುವು ದಾಟುವಾಗ ತಿರುಗಿ ನೋಡಿದೆ. ಕಾಶವ್ವ ಕಲ್ಲು ಹಿಡಿದು ಶಾಲೆಯ ಒಳಗೆ ಹೋಗುತ್ತಿದ್ದಳು. ಅಂದು ಯಾರದೋ ಕೂಸು ಬಂದಿರಲಿಲ್ಲ.